ಒಂದು ಜನ್ಮಕ್ಕೆ ಒಂದೇ ಪಟ್ಟಿ

ಶಿರಗುಂಡಿ ತಾಲೂಕು ಆಸ್ಪತ್ರೆಯ ಹಿಂಬದಿಯ ಹನ್ನೆರಡನೆಯ ಕೋಣೆಗೆ ಬೋರ್ಡು ಇರಲಿಲ್ಲ. ಬೋರ್ಡು ನೋಡಿದರೆ ಜನ ಒಳಗೆ ಬರಲು ಅಂಜುತ್ತಾರೆಂದು ಹಿಂದಿನ ಒಬ್ಬ ವೈದ್ಯಾಧಿಕಾರಿ ಅದನ್ನು ತೆಗೆಸಿದ್ದರು. ಎಚ್‌ಐವಿ ಮಾತ್ರೆ ಕೊಡುವ ಕೋಣೆ ಅದು ಎಂಬುದು ಅಷ್ಟರಲ್ಲಿ ಇಡೀ ಊರಿಗೆ ಗೊತ್ತಾಗಿತ್ತು, ಆದ್ದರಿಂದ ಬೋರ್ಡು ಹೋದದ್ದರಿಂದ ಯಾರ ಗುಟ್ಟೂ ಉಳಿಯಲಿಲ್ಲ. ಜನ ಅದನ್ನು ಗುಳಿಗಿ ಖೋಲಿ ಎನ್ನುತ್ತಿದ್ದರು. ಅಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಾತ್ರೆ ಕೊಡುತ್ತಿದ್ದ ಕಸ್ತೂರಿ ಗಲಗಲಿಯನ್ನು ಗುಳಿಗಿ ಅಕ್ಕಾರು ಎನ್ನುತ್ತಿದ್ದರು.

ಈಗ ಮಾತ್ರೆ ಎಣಿಸುವ ಕೆಲಸ ಕಸ್ತೂರಿಯದಲ್ಲ, ಸರ್ಕಾರ ತಂದಿಟ್ಟ ಯಂತ್ರದ ಕಪಾಟಿನದು. ಹನ್ನೆರಡು ವರ್ಷಗಳ ಹಿಂದೆ ಒಂದು ಕಾನೂನು ಬಂದಿತ್ತು. ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು, ಬೆರಳುದ್ದದ ಓದುಪಟ್ಟಿಯ ಮೇಲೆ ಬಿಟ್ಟು, ಅದರ ಜೀನುಗಳನ್ನೆಲ್ಲ ಓದಿಸಿ, ಆ ಕೂಸಿನ ಸಂಖ್ಯೆಗೆ ಗಂಟು ಹಾಕಬೇಕು. ಅದಕ್ಕೆ ವಂಶಪತ್ರ ಎಂದು ಹೆಸರು. ಕಪಾಟಿಗೆ ಆ ಸಂಖ್ಯೆಯ ಕಾರ್ಡು ತೋರಿಸಿದರೆ ಸಾಕು, ಅದು ವಂಶಪತ್ರವನ್ನು ತರಿಸಿಕೊಂಡು ಈ ಜೀವಕ್ಕೆ ಯಾವ ಔಷಧ ಒಗ್ಗುತ್ತದೆ, ಯಾವುದು ಒಗ್ಗದು ಎಂದು ನೋಡಿ, ಒಗ್ಗುವ ಖಾನೆಯನ್ನಷ್ಟೇ ತೆರೆಯುತ್ತಿತ್ತು. ಒಗ್ಗಿದರೆ ಹಸಿರು ದೀಪ, ಒಗ್ಗದಿದ್ದರೆ ಕೆಂಪು. ಅದರ ಮಾತಿಗೆ ಎದುರಾಡುವವರಿಲ್ಲದ್ದರಿಂದ ಆಸ್ಪತ್ರೆಯವರು ಅದಕ್ಕೆ ಗೌಡ್ರು ಎಂದು ಹೆಸರಿಟ್ಟಿದ್ದರು. ಜೀನು ಸಾಯುವ ತನಕ ಬದಲಾಗುವುದಿಲ್ಲವಲ್ಲ, ಹಾಗಾಗಿ ಓದುವುದೂ ಒಂದೇ ಸಲ. ಒಂದು ಜನ್ಮಕ್ಕೆ ಒಂದೇ ಪಟ್ಟಿ ಎಂದು ಸುತ್ತೋಲೆಯಲ್ಲೇ ಬರೆದಿದ್ದರು.

ಗೌಡ್ರು ಬಂದದ್ದರಿಂದ ಒಳ್ಳೆಯದೂ ಆಗಿತ್ತು, ಸುಳ್ಳು ಹೇಳಬಾರದು. ಅಬಾಕಾವಿರ್ ಎಂಬ ಮಾತ್ರೆಯ ವಿಷಯವನ್ನೇ ನೋಡಿ. ಒಳ್ಳೆಯ ಮಾತ್ರೆ, ಮಕ್ಕಳಿಗೆ ಹೇಳಿ ಮಾಡಿಸಿದಂಥದು. ಆದರೆ ನೂರು ಜನರಲ್ಲಿ ನಾಲ್ಕೈದು ಮಂದಿಯ ಮೈಯಲ್ಲಿ ಒಂದು ಜೀನು ಇರುತ್ತದೆ. ಅದರ ಮಾರುದ್ದದ ಹೆಸರನ್ನು ಕಸ್ತೂರಿ 'ಐವತ್ತೇಳು' ಎಂದು ಮೊಟಕು ಮಾಡಿಕೊಂಡಿದ್ದಳು. ನಮ್ಮ ಜೀವಕೋಶಗಳ ಮೇಲೆ ಬೊಗಸೆಯಂಥ ಅಣುಗಳಿರುತ್ತವೆ. ಕೋಶದೊಳಗಿನ ಚೂರುಪಾರುಗಳನ್ನು ಹೊರಗೆ ಹಿಡಿದು, ಇವೆಲ್ಲ ನಮ್ಮವೇ ಎಂದು ಕಾವಲಿನ ಕೋಶಗಳಿಗೆ ತೋರಿಸುವುದು ಅವುಗಳ ಕೆಲಸ. ಐವತ್ತೇಳು ಇದ್ದವರ ಬೊಗಸೆಯಲ್ಲಿ ಈ ಔಷಧ ಹೋಗಿ ಕೂತುಬಿಡುತ್ತದೆ. ಆಗ ಕಾವಲುಗಾರರಿಗೆ ಮನೆಯವರೇ ಕಳ್ಳರಂತೆ ಕಾಣುತ್ತಾರೆ. ಮೊದಲ ಸಲ ಜ್ವರ, ದದ್ದು, ವಾಂತಿ. ಮಾತ್ರೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಎಲ್ಲ ಇಳಿಯುತ್ತದೆ. ಇಳಿಯಿತಲ್ಲ ಎಂದು ಮತ್ತೆ ಕೊಟ್ಟರೆ ಮಾತ್ರ ಮನುಷ್ಯ ಉಳಿಯುವುದು ಕಷ್ಟ.

ಗೌಡ್ರು ಬರುವ ಮುಂಚೆ ಕಸ್ತೂರಿ ಈ ಮಾತ್ರೆಯ ಜೊತೆ ಒಂದು ಕೆಂಪು ಚೀಟಿ ಕೊಡುತ್ತಿದ್ದಳು. ದದ್ದು ಎದ್ದರೆ ಇಲ್ಲಿಗೆ ಓಡಿ ಬರ್ರಿ, ನಿಲ್ಲಿಸಿದ್ದನ್ನು ಯಾರು ಹೇಳಿದರೂ ಮತ್ತೆ ನುಂಗಿಸಬ್ಯಾಡ್ರಿ ಎಂದು ಅದರಲ್ಲಿ ಬರೆದಿರುತ್ತಿತ್ತು. ಓದಲು ಬಾರದವರಿಗೆ ಬಾಯಿಪಾಠ ಮಾಡಿಸುತ್ತಿದ್ದಳು. ಈಗ ಹಸಿರು ದೀಪ ಬಂದವರಿಗೆ ಚೀಟಿ ಏಕೆ? ಜನರನ್ನು ವೃಥಾ ಹೆದರಿಸಬಾರದು ಎಂದು ಮೇಲಿನಿಂದ ಪತ್ರ ಬಂತು. ಉಳಿದ ಚೀಟಿಗಳ ಹಿಂಬದಿಯಲ್ಲಿ ಕಸ್ತೂರಿ ಕಿರಾಣಿ ಪಟ್ಟಿ ಬರೆದು ಮುಗಿಸಿದಳು.

ಆ ಸೋಮವಾರ ತಂಗೆವ್ವ ತನ್ನ ಮೊಮ್ಮಗಳು ಭಾಗೀರಥಿಯನ್ನು ಕರೆದುಕೊಂಡು ಬಂದಳು. ಹುಡುಗಿಯ ತಾಯಿ ತಂದೆ ಇಬ್ಬರೂ ಇದೇ ರೋಗದಲ್ಲಿ ಹೋಗಿದ್ದರು. ತಾಯಿಯ ತಾಯಿಯಾದ ತಂಗೆವ್ವನೇ ಅವಳಿಗೆ ಎಲ್ಲ. ಮೂರು ವರ್ಷದಿಂದ ನುಂಗುತ್ತಿದ್ದ ಹಳೆಯ ಮಾತ್ರೆ ಹುಡುಗಿಯ ರಕ್ತವನ್ನು ನೀರು ಮಾಡಿತ್ತು, ಬದಲಿಸಲೇಬೇಕಿತ್ತು. ಕಾರ್ಡಿನಲ್ಲಿ ಹನ್ನೊಂದು ವರ್ಷ. ಹನ್ನೆರಡು ತುಂಬುವ ತನಕ ಮಕ್ಕಳ ಬೆರಳಚ್ಚು ಕೇಳುವ ಪದ್ಧತಿ ಇರಲಿಲ್ಲ, ಕಾರ್ಡೇ ಪ್ರಮಾಣ.

"ಅಕ್ಕಾರ, ನನ್ನ ಹಲ್ಲ ಬಿತ್ತು ನೋಡ್ರಿ" ಎಂದು ಭಾಗಿ ಬಾಯಿ ತೆರೆದಳು. ಮೇಲಿನ ಸಾಲಿನಲ್ಲಿ, ಮುಂದಿನ ಹಲ್ಲಿನ ಪಕ್ಕದ್ದು ಹೋಗಿತ್ತು.

"ಎಲ್ಲಿ ಒಗದಿ ಅದನ್ನ?"

"ಮಾಳಿಗಿ ಮ್ಯಾಲ. ಆಯಿ ಒಗದ್ಲು. ನನಗ ಅಷ್ಟ ಎತ್ತರ ಒಗ್ಯಾಕ ಬರೂದಿಲ್ಲ."

ಹನ್ನೊಂದಕ್ಕೆ ಈ ಹಲ್ಲು ಈಗ ಬಿದ್ದಿತೇ ಎಂದು ಕಸ್ತೂರಿಯ ಮನಸ್ಸಿನಲ್ಲಿ ಒಂದು ಮಾತು ಬಂದು ಹೋಯಿತು. ಅವಳ ಸ್ವಂತ ಮಗಳಿಗೆ ಎಂಟಕ್ಕೇ ಅದೆಲ್ಲ ಮುಗಿದಿತ್ತು. ಆದರೆ ಈ ಕೋಣೆಗೆ ಬರುವ ಮಕ್ಕಳು ಎತ್ತರದಲ್ಲೂ ಹಿಂದೆ, ತೂಕದಲ್ಲೂ ಹಿಂದೆ. ಹಲ್ಲಿನಲ್ಲೂ ಹಿಂದಿದ್ದರೆ ಏನು ಆಶ್ಚರ್ಯ ಎಂದುಕೊಂಡು ಕಾರ್ಡನ್ನು ಕಪಾಟಿಗೆ ತೋರಿಸಿದಳು. ಹಸಿರು ದೀಪ ಬಂತು, ಅಬಾಕಾವಿರ್ ಖಾನೆ ತೆರೆಯಿತು.

ಮಾತ್ರೆಯ ಡಬ್ಬಿಗಳೂ ಜಾಣ ಡಬ್ಬಿಗಳೇ. ಮುಚ್ಚಳ ತೆಗೆದರೆ ರಾಜಧಾನಿಯ ನಿಯಂತ್ರಣ ಕೊಠಡಿಗೆ ಸುದ್ದಿ ಹೋಗುತ್ತದೆ, ತೆಗೆಯದಿದ್ದರೂ ಹೋಗುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಕಸ್ತೂರಿಯ ಫೋನಿಗೆ ಸಂದೇಶ ಬಂತು. ಭಾಗೀರಥಿಯ ಡಬ್ಬಿ ನಾಲ್ಕು ದಿನದಿಂದ ತೆರೆದಿಲ್ಲ.

ತಂಗೆವ್ವನ ಮನೆ ಊರಾಚೆಯ ಇಟ್ಟಿಗೆ ಭಟ್ಟಿಯ ಮಗ್ಗುಲಲ್ಲಿ, ತಗಡಿನ ಒಂದೇ ಅಂಕಣ. ಬಾಗಿಲಿಗೆ ಬೇವಿನ ತಪ್ಪಲು ಸಿಕ್ಕಿಸಿತ್ತು.

"ಕಾಲ ತೊಳಕೊಂಡು ಬರ್ರಿ ಅಕ್ಕಾರ" ಎಂದು ತಂಗೆವ್ವ ತಂಬಿಗೆ ನೀರು ಕೊಟ್ಟಳು. "ಒಳಗ ಅವ್ವ ಅದಾಳ."

ಅವ್ವ ಎಂದರೆ ದೇವಿ. ದಡಾರವಾಗಲಿ, ಸಿಡುಬಾಗಲಿ, ಮೈಮೇಲೆ ದದ್ದು ಎದ್ದರೆ ದೇವಿ ಮನೆಗೆ ಬಂದಳು ಎಂದೇ ಇಲ್ಲಿಯ ಲೆಕ್ಕ. ಆಕೆ ಇರುವಷ್ಟು ದಿನ ಒಗ್ಗರಣೆ ಇಲ್ಲ, ಬೈಗುಳ ಇಲ್ಲ, ಔಷಧವಂತೂ ಇಲ್ಲವೇ ಇಲ್ಲ. ಭಾಗಿ ಬೇವಿನೆಲೆಯ ಮೇಲೆ ಹಾಸಿದ ಹಳೆಯ ಸೀರೆಯಲ್ಲಿ ಎದ್ದು ಕೂತು ಮೊಸರನ್ನ ತಿನ್ನುತ್ತಿದ್ದಳು. ಕೈ ಮೇಲಿನ ದದ್ದು ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು.

"ಎಂದ ಸುರು ಆತು ಆಯಿ?"

"ಹೋದ ಬುಧವಾರ ಜ್ವರಾ ಬಂದೂವ್ರಿ. ಮರದಿನಾ ಮೈ ತುಂಬ ಅವ್ವ ಎದ್ಲು. ಏನ ಕೊಟ್ರೂ ಕಾರಕೋತಿತ್ತು ಹುಡುಗಿ. ಗುಳಿಗಿ ಬಿಟ್ಟೆ ನೋಡ್ರಿ, ಅವ್ವ ಶಾಂತ ಆದ್ಲು. ನಾಳಿ ಹುಡುಗಿಗಿ ನೀರ ಹಾಕಿ ಅವ್ವನ್ನ ಕಳಸತೀನಿ."

ಗುಳಿಗಿ ಬಿಟ್ಟೆ, ಶಾಂತ ಆದ್ಲು. ಕೆಂಪು ಚೀಟಿಯ ಬಾಯಿಪಾಠ ಕಸ್ತೂರಿಯ ನಾಲಿಗೆಯ ತುದಿಗೇ ಬಂದು ನಿಂತಿತು. ಜ್ವರ, ದದ್ದು, ವಾಂತಿ, ಹತ್ತನೆಯ ದಿನ, ನಿಲ್ಲಿಸಿದ ಮೇಲೆ ಇಳಿದದ್ದು, ಒಂದೂ ತಪ್ಪಿರಲಿಲ್ಲ. ತಪ್ಪಿದ್ದು ಹಸಿರು ದೀಪ ಮಾತ್ರ.

ಅವಳು ಗುಳಿಗಿ ಖೋಲಿಗೆ ಬಂದು ನಿಯಂತ್ರಣ ಕೊಠಡಿಗೆ ಕರೆ ಮಾಡಿದಳು. ಪರದೆಯ ಮೇಲೆ ಪ್ರಣವ್ ಎಂಬ ಹುಡುಗ ಬಂದ. ನಯವಾದ ಮಾತಿನವನು, ಕೆಟ್ಟವನಲ್ಲ. ಅವನ ಹಿಂದೆ ಇಡೀ ರಾಜ್ಯದ ಡಬ್ಬಿಗಳು ಗೋಡೆಯಗಲಕ್ಕೆ ಹಸಿರು ಚುಕ್ಕೆಗಳಾಗಿ ಮಿನುಗುತ್ತಿದ್ದವು.

"ಮೇಡಂ, ನಿಮ್ಮ ತಾಲೂಕಲ್ಲಿ ಈ ತಿಂಗಳು ಒಂಬತ್ತು ದಡಾರ ಕೇಸ್ ಬಂದಿದೆ. ಇದು ಹತ್ತನೇದು ಅಷ್ಟೆ. ನೀವು ಕಳಿಸಿದ ಫೋಟೋ ಇಲ್ಲಿನ ಡಾಕ್ಟರೂ ನೋಡಿದ್ದಾರೆ, ಮಾತ್ರೆ ಮುಂದುವರಿಸಿ ಅಂದಿದ್ದಾರೆ."

"ಗುಳಿಗಿ ಬಿಟ್ಟ ಮ್ಯಾಲ ಇಳದೇತ್ರಿ ಅದು. ಐವತ್ತೇಳರ ಲಕ್ಷಣ ನಾ ಹಿಂದ ಇಬ್ಬರ ಮ್ಯಾಲ ನೋಡೇನಿ."

"ವಂಶಪತ್ರದಲ್ಲಿ ಐವತ್ತೇಳು ಇಲ್ಲ ಮೇಡಂ."

"ಇನ್ನೊಂದ ಸಲ ಓದಸೋಣ್ರಿ. ಒಂದ ಪಟ್ಟಿ ಮಂಜೂರ ಮಾಡ್ರಿ."

"ಅರ್ಜಿ ಹಾಕಿ, ಹದಿನೈದು ದಿನ ಆಗುತ್ತೆ. ಆದರೆ ಕಾರಣ ಅಂತ ಏನು ಬರೀತೀರಿ? ಜೀನ್ ಬದಲಾಗುತ್ತಾ?"

"ಇಲ್ರಿ. ಬದಲಾಗೂದಿಲ್ಲ" ಎಂದಳು ಕಸ್ತೂರಿ. ಆದರೂ, "ಹುಡುಗೀನ ನೋಡಿದ್ರ ಹನ್ನೊಂದು ಅನಸೂದಿಲ್ರಿ. ಹಲ್ಲ ಈಗ ಬೀಳಾಕತ್ತಾವು" ಎಂದಳು.

"ಈ ಮಕ್ಕಳು ಲೇಟಾಗಿ ಬೆಳೀತಾರೆ ಅಂತ ನಿಮಗೆ ನಾನು ಹೇಳಬೇಕಾ ಮೇಡಂ?"

ಅದೇ ಮಾತನ್ನು ಅವಳೇ ತನಗೆ ಹೇಳಿಕೊಂಡಿದ್ದಳು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಇನ್ನಷ್ಟು ನಿಜವೆನಿಸಿತು. ಹದಿನೈದು ದಿನ ಮಾತ್ರೆ ಬಿಟ್ಟರೆ ವೈರಾಣು ಔಷಧಕ್ಕೆ ಪಳಗಿಬಿಡುತ್ತದೆ. ಆಮೇಲೆ ಈ ಹುಡುಗಿಗೆ ಕೊಡಲು ಕಪಾಟಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ ಹಿರಿಯರು. ಕಸ್ತೂರಿ ತನ್ನ ಕಣ್ಣನ್ನು ಪರಾಂಬರಿಸಿದಳು, ದೀಪವನ್ನು ಪರಾಂಬರಿಸಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವಕ್ಕಿಂತ ಹನ್ನೆರಡು ವರ್ಷದ ಕಪಾಟು ಹೆಚ್ಚು ತಿಳಿದಿದೆ ಎಂದು ನಂಬುವುದು ಸುಲಭವಾಗಿತ್ತು. ಅದನ್ನು ನಂಬಿದರೆ ತಪ್ಪು ಆದರೂ ತನ್ನದಾಗುವುದಿಲ್ಲ ಎಂಬ ಸಮಾಧಾನವೂ ಒಳಗೆಲ್ಲೋ ಇತ್ತು. ಆ ಸಮಾಧಾನದ ನೆನಪಾದಾಗಲೆಲ್ಲ ಅವಳಿಗೆ ಮುಂದೆ ಹೇಸಿಗೆಯಾಗುತ್ತಿತ್ತು.

ಕಸ್ತೂರಿ ಹೇಳಿ ಕಳಿಸಿದಂತೆ ಮರುದಿನ ನೀರು ಹಾಕಿಸಿಕೊಂಡು, ತಲೆ ಬಾಚಿಸಿಕೊಂಡು ಭಾಗಿ ಬಂದಳು. ತಂಗೆವ್ವನಿಗೆ ಮನಸ್ಸಿರಲಿಲ್ಲ.

"ಇನ್ನೆರಡ ದಿನಾ ತಡೀರಿ ಅಕ್ಕಾರ. ಅವ್ವ ಈಗರ ಹ್ವಾದ್ಲು."

"ಬಿಟ್ರ ರೋಗ ಜೋರ ಆಗತೇತಿ ಆಯಿ. ನಾ ಎದರಿಗಿ ನಿಂತ ಕೊಡತೀನಿ. ಇಲ್ಲೇ ಕುಂದರಸಿ ಒಂದ ತಾಸ ನೋಡಿ ಕಳಸತೀನಿ."

"ನೀವು ಅಂತೀರಿ ಅಂದ್ರ ಆತ್ರಿ" ಎಂದಳು ತಂಗೆವ್ವ. "ನಿಮ್ಮ ಕೈಲಿಂದ ಬದಕಿರೂ ಕೂಸ ಇದು."

ಕಸ್ತೂರಿ ಮಾತ್ರೆಯನ್ನು ಭಾಗಿಯ ಅಂಗೈಯಲ್ಲಿಟ್ಟು, ಲೋಟ ನೀರು ಕೊಟ್ಟಳು. ಹುಡುಗಿ ಕಣ್ಣು ಮುಚ್ಚಿ ನುಂಗಿ, ನುಂಗಿದ್ದಕ್ಕೆ ಸಾಕ್ಷಿಯಾಗಿ ಬಾಯಿ ತೆರೆದು ತೋರಿಸಿದಳು. ಆಗ ಹತ್ತೂಕಾಲು. ಹತ್ತೂಮುಕ್ಕಾಲಿಗೆ, "ಅಕ್ಕಾರ, ಕಿವಿ ಬಿಸಿ ಆಗ್ಯಾವು" ಎಂದಳು. ಕಸ್ತೂರಿ ಹಣೆ ಮುಟ್ಟಿ ನೋಡುವಷ್ಟರಲ್ಲಿ ತುಟಿ ಊದತೊಡಗಿತ್ತು. ಅವಳು ಹುಡುಗಿಯನ್ನು ಎತ್ತಿಕೊಂಡು ತುರ್ತು ವಿಭಾಗಕ್ಕೆ ಓಡಿದಳು. ಹನ್ನೊಂದು ವರ್ಷದ ಹುಡುಗಿಯನ್ನು ಐವತ್ತು ದಾಟಿದ ಹೆಂಗಸು ಹೀಗೆ ಎತ್ತಿಕೊಂಡು ಓಡಲಾಗದು ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಅಲ್ಲಿದ್ದ ಡಾಕ್ಟರ್ ಇಂಗಳಗಿ ಒಳ್ಳೆಯ ವೈದ್ಯರು. ಅಡ್ರಿನಾಲಿನ್ ಕೊಟ್ಟರು, ಸಲೈನ್ ಏರಿಸಿದರು, ಮತ್ತೆ ಅಡ್ರಿನಾಲಿನ್ ಕೊಟ್ಟರು. ಜಿಲ್ಲಾ ಆಸ್ಪತ್ರೆಗೆ ಒಯ್ಯಲು ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತ್ತು, ಆದರೆ ರಕ್ತದೊತ್ತಡ ಒಮ್ಮೆಯೂ ಮೇಲೇಳಲಿಲ್ಲ. ಮಧ್ಯಾಹ್ನ ಒಂದೂವರೆಗೆ ಅವರು ಕೈಗವಸು ತೆಗೆದರು. ತಂಗೆವ್ವ ಗೋಡೆಗೆ ಒರಗಿ ನಿಂತಿದ್ದಳು. "ಎರಡ ದಿನಾ ತಡೀರಿ ಅಂದೆ" ಎಂದಳು.

ಕಸ್ತೂರಿಗೆ ಈ ಮಾತು ಬಡಿದಷ್ಟು ಬೇರಾವ ಬೈಗುಳವೂ ಬಡಿಯುತ್ತಿರಲಿಲ್ಲ. ನಾವೆಲ್ಲ ಯಾವುದನ್ನು ಮೂಢನಂಬಿಕೆ ಎಂದು ಮೂಗು ಮುರಿಯುತ್ತೇವೋ ಅದು ಆ ಹುಡುಗಿಯನ್ನು ಐದು ದಿನ ಬದುಕಿಸಿತ್ತು. ಕೊಂದದ್ದು ಓದು ಬಲ್ಲವರ ಕೈ.

ತಪಾಸಣೆಗೆಂದು ತೆಗೆದ ರಕ್ತ ನಳಿಗೆಯಲ್ಲಿ ಉಳಿದಿತ್ತು. ಕಸ್ತೂರಿ ಹೆರಿಗೆ ವಾರ್ಡಿಗೆ ಹೋಗಿ, ಶೈತ್ಯಪೆಟ್ಟಿಗೆಯಿಂದ ಒಂದು ಓದುಪಟ್ಟಿ ತೆಗೆದುಕೊಂಡಳು. ಯಾರನ್ನೂ ಕೇಳಲಿಲ್ಲ. ಇನ್ನೂ ಹುಟ್ಟದ ಯಾವುದೋ ಕೂಸಿನ ಪಾಲಿನ ಪಟ್ಟಿ ಅದು. ಒಂದು ಹನಿ ಬಿಟ್ಟು, ಭಾಗಿಯ ಸಂಖ್ಯೆ ಒತ್ತಿ, ಕಪಾಟಿನ ಬಾಯಿಗೆ ಕೊಟ್ಟಳು. ನಲವತ್ತು ನಿಮಿಷ ಅದರ ಮುಂದೆ ನಿಂತೇ ಇದ್ದಳು. ಕೆಂಪು ದೀಪ ಬಂತು. ಐವತ್ತೇಳು ಇತ್ತು. ಕೆಳಗೆ ಇನ್ನೊಂದು ಸಾಲು ಬಂತು: ಈ ರಕ್ತ ಈ ಸಂಖ್ಯೆಯವರದ್ದಲ್ಲ. ಒಂದೇ ತಾಯಿಯ ಬೇರೆ ಮಗುವಿನದ್ದು.

ಪ್ರಣವ್ ಇದನ್ನು ನೋಡಿ ಮೇಲಿನವರನ್ನು ಕೇಳಿಕೊಂಡು ಬಂದು, "ಕಪಾಟು ಸರಿಯಾಗೇ ಓದಿದೆ ಮೇಡಂ. ಇದು ಗುರುತಿನ ದೋಷ ಅಂತ ದಾಖಲು ಮಾಡ್ತಾರೆ" ಎಂದ. ಪಟ್ಟಿ ದುರ್ಬಳಕೆ ಮಾಡಿದ್ದಕ್ಕೆ ಅವಳಿಗೆ ನೋಟೀಸು ಬರುತ್ತದೆ ಎಂದೂ ಹೇಳಿದ. ಹೇಳುವಾಗ ಅವನಿಗೂ ನಾಚಿಕೆಯಾದಂತಿತ್ತು.

"ನನ್ನ ಖೋಲಿಗಿ ಇನ್ನೂ ನಲವತ್ತಮೂರ ಮಕ್ಕಳ ಬರ್ತಾವ. ಅವು ಯಾರ್ಯಾರ ಕಾರ್ಡ್ ಹಿಡಕೊಂಡ ಬಂದಾವೋ ನನಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದು ಕಸ್ತೂರಿ ಕೇಳಿದಳು. ನಲವತ್ತಮೂರು ಮನೆಗಳಲ್ಲಿ ಏನೆಂದು ಕೇಳಬೇಕು ಎಂಬುದು ಅವಳಿಗೆ ತಿಳಿಯದು. ಅದನ್ನು ಹೇಳಬಲ್ಲವಳು ತಂಗೆವ್ವ ಒಬ್ಬಳೇ.

ಮೂರನೆಯ ದಿನ ಅವಳು ಇಟ್ಟಿಗೆ ಭಟ್ಟಿಯ ಕಡೆ ಹೋದಳು. ತಂಗೆವ್ವ ಅವಳನ್ನು ಹೊರಗೆ ಹಾಕಲಿಲ್ಲ, ಚಾಪೆ ಹಾಸಿ ಕೂರಿಸಿದಳು.

"ಆಯಿ, ಭಾಗಿ ಹುಟ್ಟಿದ್ದೆಲ್ಲಿ?"

"ಯಾವ ಸಲ?" ಎಂದಳು ತಂಗೆವ್ವ.

ಕಸ್ತೂರಿಗೆ ಅರ್ಥವಾಗಲಿಲ್ಲ.

"ಮೊದಲನೇ ಸಲ ನಿಮ್ಮ ದವಾಖಾನ್ಯಾಗ ಹುಟ್ಟಿದ್ಲು. ಎರಡ ವರ್ಷದಾಕಿ ಆಗಿದ್ಲು, ಕಬ್ಬ ಕಡ್ಯಾಕ ಹ್ವಾದಲ್ಲಿ ವಾಂತಿ ಭೇದಿ ಹತ್ತಿ ಹ್ವಾದ್ಲು. ಅಲ್ಲೇ ಹೊಲದ ಬದುವಿನ್ಯಾಗ ಮಣ್ಣ ಮಾಡಿದ್ವಿ. ಮಣ್ಣಾಗ ಇಡೂ ಮುಂದ ಬಲಗಾಲ ಹಿಂಬಡಕ್ಕ ಕಾಡಿಗಿ ಹಚ್ಚಿದ್ದೆ, ತಿರಗಿ ಬಂದ್ರ ಗುರತ ಸಿಗಲಿ ಅಂತ. ಮರ ವರ್ಷ ಅಲ್ಲೇ ಕಬ್ಬ ಕಡಿಯೂವ್ರ ಗುಡಸಲದಾಗ ನನ್ನ ಮಗಳು ಮತ್ತ ಹಡದ್ಲು. ಕೂಸಿನ ಬಲಗಾಲ ತಿರವಿ ನೋಡತೀನಿ, ಅದ ಜಾಗಾದಾಗ ಕರೀ ಮಚ್ಚಿ." ಇಷ್ಟು ದುಃಖದಲ್ಲೂ ಮುದುಕಿಯ ಮುಖದಲ್ಲಿ ಒಂದು ಹೆಮ್ಮೆ ಸುಳಿಯಿತು. "ಅದ ಹೆಸರ ಇಟ್ವಿ. ಕಾರ್ಡ್ ಇತ್ತಲ್ರಿ, ಆಕೀನ ತಿರಗಿ ಬಂದ ಮ್ಯಾಲ ಹೊಸಾ ಕಾಗದ ಯಾಕ ಮಾಡಸೂದು?"

ಮೋಸವಿರಲಿಲ್ಲ. ಸುಳ್ಳು ಹೇಳಿದವರಾರೂ ಇರಲಿಲ್ಲ. ಒಂದು ಜನ್ಮಕ್ಕೆ ಒಂದೇ ಪಟ್ಟಿ ಎಂದು ಸರ್ಕಾರ ಬರೆದಿತ್ತು, ಹೋದವಳೇ ಬಂದಳು ಎಂದು ಅಜ್ಜಿ ನಂಬಿದ್ದಳು. ಎರಡರ ನಡುವೆ ಎಂಟು ವರ್ಷದ ಒಂದು ಹುಡುಗಿ ನಜ್ಜುಗುಜ್ಜಾಗಿ ಹೋಗಿದ್ದಳು.

ಕಸ್ತೂರಿ ಎದ್ದು ಹೋಗಬಹುದಿತ್ತು. ನಲವತ್ತಮೂರು ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಅವಳಿಗೆ ಸಿಕ್ಕಿತ್ತು: ಈ ಕೂಸು ಹುಟ್ಟಿದ್ದು ಯಾವ ಸಲ? ಹೇಳದೆ ಹೋದರೆ, ಅವ್ವನೇ ಹುಡುಗಿಯನ್ನು ಕರೆದುಕೊಂಡಳು ಎಂದುಕೊಂಡು ಮುದುಕಿ ಉಳಿದ ದಿನ ಕಳೆಯುತ್ತಿದ್ದಳು. ಆದರೆ "ನಿಮ್ಮ ಕೈಲಿಂದ ಬದಕಿರೂ ಕೂಸು" ಎಂದವಳ ಮುಂದೆ ಸುಮ್ಮನಿದ್ದು ಎದ್ದು ಹೋಗುವುದು ಅವಳಿಂದಾಗಲಿಲ್ಲ.

"ಆಕಿ ಬ್ಯಾರೆ ಆಯಿ, ಈಕಿ ಬ್ಯಾರೆ" ಎಂದಳು. "ರಕ್ತ ಓದಸಿ ನೋಡೇನಿ. ಇಬ್ಬರೂ ಅಕ್ಕ ತಂಗಿ. ದೊಡ್ಡಾಕಿಗಿ ಒಗ್ಗೂ ಗುಳಿಗಿ ಸಣ್ಣಾಕಿಗಿ ಒಗ್ಗತಿದ್ದಿಲ್ಲ. ಅದನ್ನ ನಾ ಕೊಟ್ಟೆ. ನೀವು ಬಿಡಸಿದ್ದನ್ನ ನಾ ಮತ್ತ ಕೊಟ್ಟೆ."

ಶಾಪ ಹಾಕಲಿ, ಚಪ್ಪಲಿ ತಗೊಳ್ಳಲಿ ಎಂದು ತಲೆ ತಗ್ಗಿಸಿ ಕೂತಳು. ತಂಗೆವ್ವ ಅದೇನನ್ನೂ ಮಾಡಲಿಲ್ಲ. ಗುಳಿಗೆಯ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ.

"ಬ್ಯಾರೆ ಬ್ಯಾರೆ ಅಂದ್ರ ಖರೇನ ಬ್ಯಾರೇನ್ರಿ?"

"ಖರೇನ ಆಯಿ."

"ಆಕಿ ತಿರಗಿ ಬಂದೇ ಇಲ್ಲ?"

ಕಸ್ತೂರಿ ಇಲ್ಲವೆಂದು ತಲೆಯಾಡಿಸಿದಳು.

"ಮೊದಲಿನಾಕಿ ಹ್ವಾದಾಗ ನಾ ಅಳಲಿಲ್ರಿ ಅಕ್ಕಾರ" ಎಂದಳು ತಂಗೆವ್ವ. "ನನ್ನ ಮಗಳಿಗೂ ಅಳಗೊಡಲಿಲ್ಲ. ಬಾಯಿಗಿ ಸೆರಗ ತುರಕಿದ್ದೆ ಆಕಿಗಿ. ನಾವು ಅತ್ರ ಕೂಸಿಗಿ ತಿರಗಿ ಬರೂ ದಾರಿ ತಪ್ಪತೇತಿ ಅಂತ. ಯಾರೂ ಅತ್ತೇ ಇಲ್ಲಲ್ರಿ ಆ ಕೂಸಿಗಿ."

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎದೆ ಬಡಿದುಕೊಂಡು, ಹಾಡ್ಯಾಡಿ ಅಳತೊಡಗಿದಳು. ಮೊನ್ನೆ ಸತ್ತವಳಿಗೆ ಊರವರೆಲ್ಲ ಕೂಡಿ ಅತ್ತಾಗಿತ್ತು. ಈ ಅಳು ಎರಡು ವರ್ಷದ ಕೂಸಿನದು, ಕಬ್ಬಿನ ಹೊಲದ ಬದುವಿನದು, ಒಂಬತ್ತು ವರ್ಷ ತಡವಾದದ್ದು. ಭಟ್ಟಿಯ ಹೆಂಗಸರು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತು, ಈಗ ಯಾರು ಹೋದರು ಎಂದು ಕಸ್ತೂರಿಯನ್ನು ಕೇಳಿದರು. ಮೊದಲಿನ ಭಾಗಿ ಎಂದು ಅವಳು ಹೇಳಿದಳು.